ಎರಡನೆಯ ನೋವು

ಸಂಡೂರು, ಹೊಸಪೇಟೆ, ಕೊಪ್ಪಳ, ಗಂಗಾವತಿಗಳ ಆಸುಪಾಸಿನಲ್ಲಿ, ಹೆಬ್ಬಂಡೆಗಳ ರಾಶಿಯೂ ಕುರುಚಲು ಕಾಡೂ ಹೊಲಗದ್ದೆಗಳೂ ಒಂದರೊಳಗೊಂದು ಹೆಣೆದುಕೊಂಡಿರುವ ಆ ಸೀಮೆಯಲ್ಲಿ, ಬೆಳಕು ಹರಿಯುವ ಮುನ್ನ ಹೊಲಕ್ಕೆ ನೀರು ಕಟ್ಟಲು ಹೊರಟ ರೈತನೋ, ಕುರಿಹಟ್ಟಿಯಿಂದ ಮೇಲೆದ್ದ ಕುರುಬನೋ, ಸೌದೆ ಆಯಲು ಹೋದ ಹೆಂಗಸೋ ಕರಡಿಗೆ ಎದುರಾಗುವುದು ಇಂದು ನಿನ್ನೆಯ ಮಾತಲ್ಲ. ಅದೇ ಸೀಮೆಯ ದರೋಜಿಯ ಕಾಡನ್ನು 1994ರಲ್ಲಿ ಕರಡಿಧಾಮವೆಂದು ಸಾರಿದ್ದು ಸತ್ಕಾರ್ಯವೇ ಸರಿ. ಆದರೆ ಕರಡಿಯ ಸಂಚಾರವು ಧಾಮದ ಎಲ್ಲೆಯಲ್ಲಿ ನಿಲ್ಲತಕ್ಕದ್ದಲ್ಲ. ಗೆದ್ದಲು, ಹಣ್ಣು, ಜೇನುಗಳನ್ನು ತಿಂದು ಬಾಳುವ ಆ ಪ್ರಾಣಿಗೆ ಮನುಷ್ಯನ ಮೇಲೆ ಹಗೆಯೂ ಇಲ್ಲ, ಅವನ ಮಾಂಸದ ಆಸೆಯೂ ಇಲ್ಲ. ತಲೆ ತಗ್ಗಿಸಿ ಹುತ್ತವನ್ನು ಕೆದಕುತ್ತಿರುವಾಗ ಆಳು ಹತ್ತಿರ ಬಂದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ. ತಿಳಿದೊಡನೆ ಬೆದರಿ ಮೇಲೆರಗುತ್ತದೆ. ಗಟ್ಟಿಮಣ್ಣನ್ನು ಅಗೆಯಲೆಂದು ಪ್ರಕೃತಿಯು ಕೊಟ್ಟ ಮೂರಂಗುಲದ ಉಗುರುಗಳು ಮನುಷ್ಯನ ಮುಖದ ಮೇಲೆ ಬೀಳುತ್ತವೆ. ನೆತ್ತಿಯ ಚರ್ಮ ಕಿತ್ತುಬರುತ್ತದೆ. ಕಣ್ಣು, ಮೂಗು, ತುಟಿ, ದವಡೆಗಳು ಹರಿದುಹೋಗುತ್ತವೆ. ತಡೆಯಲೆಂದು ಎತ್ತಿದ ಕೈಗಳು ಮುರಿಯುತ್ತವೆ.

ಇಂಥ ಪ್ರಸಂಗ ನಡೆದ ಮಾರನೆಯ ದಿನ ಪತ್ರಿಕೆಗಳಲ್ಲಿ ಬರುವ ಸುದ್ದಿಯ ಕ್ರಮವನ್ನು ಓದುಗರು ಬಲ್ಲರು. ಅರಣ್ಯ ಇಲಾಖೆಯವರು ಬೋನು ಇಟ್ಟರೇ, ಪರಿಹಾರಧನ ಎಷ್ಟು, ಗ್ರಾಮಸ್ಥರು ರಸ್ತೆ ತಡೆದರೇ ಎಂಬ ವಿಚಾರಗಳೆಲ್ಲ ಅಲ್ಲಿರುತ್ತವೆ, ಇರಬೇಕಾದವೂ ಹೌದು. ಗಾಯಾಳುವಿನ ವಿಷಯಕ್ಕೆ ಮಾತ್ರ, ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಕೊಡಿಸಿ ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾಸ್ಪತ್ರೆಗೆ ಸಾಗಿಸಲಾಯಿತೆಂಬ ಒಂದು ವಾಕ್ಯ ಮೀಸಲು. ಆ ವಾಕ್ಯದೊಳಗೆ ಅಡಗಿಹೋದ ಗಂಟೆಗಳಲ್ಲಿ ನಡೆದದ್ದೇನು, ಹರಿದ ಮುಖವನ್ನು ತೊಳೆದು ಹೊಲಿಯುವಾಗ ಆ ಮನುಷ್ಯ ಎಚ್ಚರವಾಗಿದ್ದನೇ, ಅವನಿಗೆ ಅರಿವಳಿಕೆ ಕೊಡಬಲ್ಲವರು ಆ ಕಟ್ಟಡದಲ್ಲಿ ಯಾರಾದರೂ ಇದ್ದರೇ ಎಂಬ ಪ್ರಶ್ನೆ ನಮ್ಮ ಸಾರ್ವಜನಿಕ ಚರ್ಚೆಯೊಳಗೆ ಇನ್ನೂ ಪ್ರವೇಶಿಸಿಲ್ಲ. ಅದನ್ನು ಪ್ರವೇಶಗೊಳಿಸಬೇಕೆಂಬುದೇ ಈ ಬರಹದ ಉದ್ದೇಶ.

ಮೃಗದ ಹಿಡಿತಕ್ಕೆ ಸಿಕ್ಕವನಿಗೆ ನೋವೇ ತಿಳಿಯುವುದಿಲ್ಲವೆಂಬ ನಂಬಿಕೆಯೊಂದುಂಟು. ಅದು ಪೂರ್ತಿಯಾಗಿ ಸುಳ್ಳಲ್ಲದ ಕಾರಣದಿಂದಲೇ ನಮ್ಮನ್ನು ದಾರಿ ತಪ್ಪಿಸುತ್ತದೆ. 1844ರಲ್ಲಿ ದಕ್ಷಿಣ ಆಫ್ರಿಕದ ಮಬೋಟ್ಸ ಎಂಬಲ್ಲಿ ಪ್ರವಾಸಿ ಡೇವಿಡ್ ಲಿವಿಂಗ್‌ಸ್ಟನ್ನನ ತೋಳನ್ನು ಸಿಂಹವೊಂದು ಎಲುಬು ಮುರಿಯುವಂತೆ ಕಚ್ಚಿ ಅಲ್ಲಾಡಿಸಿತು. ಆ ಗಳಿಗೆಯಲ್ಲಿ ತನಗೆ ನೋವಾಗಲಿ ಭೀತಿಯಾಗಲಿ ಉಂಟಾಗಲಿಲ್ಲವೆಂದೂ, ಕ್ಲೋರೋಫಾರ್ಮಿನ ಅರೆಮಂಪರಿನಲ್ಲಿರುವ ರೋಗಿಯು ತನ್ನ ಮೇಲೆ ನಡೆಯುವ ಶಸ್ತ್ರಕ್ರಿಯೆಯನ್ನು ನೋಡುತ್ತಿದ್ದರೂ ಅಲಗಿನ ಅರಿವಿಲ್ಲದೆ ಇರುವಂಥ ಸ್ಥಿತಿ ಅದಾಗಿತ್ತೆಂದೂ, ದಯಾಮಯನಾದ ಸೃಷ್ಟಿಕರ್ತನ ಏರ್ಪಾಡೇ ಅದಿರಬೇಕೆಂದೂ ಅವನು 1857ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಬರೆದನು. ಆ ಎಲುಬು ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. 1874ರಲ್ಲಿ ಆಫ್ರಿಕದಿಂದ ಲಂಡನ್ನಿಗೆ ಬಂದ ಶವವು ಅವನದೆಂದು ನಿಶ್ಚಯವಾದದ್ದು ಆ ಎಲುಬಿನ ಗುರುತಿನಿಂದ. ಒಂದು ಶತಮಾನದ ತರುವಾಯ, ಎರಡನೆಯ ಮಹಾಯುದ್ಧದಲ್ಲಿ, ಹಾರ್ವರ್ಡಿನ ಅರಿವಳಿಕೆ ತಜ್ಞರಾದ ಹೆನ್ರಿ ಬೀಚರ್ ಅವರು ಇಟಲಿಯ ರಣರಂಗದಿಂದ ಬಂದ ಗಾಯಾಳುಗಳನ್ನು ವಿಚಾರಿಸಿದಾಗ, ಘೋರವಾಗಿ ಗಾಯಗೊಂಡವರಲ್ಲಿ ಮುಕ್ಕಾಲು ಪಾಲು ಮಂದಿ ನೋವಿನ ಔಷಧ ಬೇಡವೆಂದರು. ಈ ಸಂಗತಿಯನ್ನು 1946ರಲ್ಲಿ ವರದಿ ಮಾಡಿದ ಬೀಚರ್ ಅವರು ಅದರ ಜೊತೆಗೇ ಇನ್ನೊಂದನ್ನೂ ದಾಖಲಿಸಿದರು: ಗಾಯ ನೋಯುವುದಿಲ್ಲವೆಂದ ಅದೇ ಸೈನಿಕನು, ರಕ್ತನಾಳಕ್ಕೆ ಸೂಜಿಯನ್ನು ಒರಟಾಗಿ ಚುಚ್ಚಿದರೆ ಉಳಿದೆಲ್ಲ ಮನುಷ್ಯರಂತೆ ಪ್ರತಿಭಟಿಸುತ್ತಿದ್ದನು.

ನನ್ನ ವಾದಕ್ಕೆ ಬೇಕಾದದ್ದೆಲ್ಲ ಈ ಕೊನೆಯ ಮಾತಿನಲ್ಲಿದೆ. ಗಾಯಾಳುವಿಗೆ ಎರಡು ನೋವುಗಳುಂಟು. ಮೃಗ ಕೊಡತಕ್ಕ ನೋವನ್ನು ಶರೀರವು ತನ್ನದೇ ಆದ ಯಾವುದೋ ವಿಧಾನದಿಂದ ಸ್ವಲ್ಪ ಹೊತ್ತು ಮಸುಕುಗೊಳಿಸೀತು. ಆ ಮಸುಕು ಸರಿದ ಮೇಲೆ, ಬೆಳಕಿನ ಕೆಳಗೆ, ಮೇಜಿನ ಮೇಲೆ, ಉಪಕಾರಬುದ್ಧಿಯುಳ್ಳ ಮನುಷ್ಯರ ಕೈಯಿಂದಲೇ ಬರತಕ್ಕ ನೋವಿಗೆ ಅಂಥ ರಕ್ಷಣೆ ಯಾವುದೂ ಇಲ್ಲ. ಮೊದಲನೆಯದಕ್ಕೆ ಯಾರನ್ನೂ ಹೊಣೆ ಮಾಡಲಾಗದು. ಎರಡನೆಯದನ್ನು ತಪ್ಪಿಸುವ ವಿದ್ಯೆಯು, 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರಿನ ಪ್ರಭಾವವನ್ನು ವೈದ್ಯರ ಸಮ್ಮುಖದಲ್ಲಿ ತೋರಿಸಿಕೊಟ್ಟಂದಿನಿಂದ ಲೋಕದ ಸ್ವತ್ತಾಗಿರುವುದರಿಂದ, ಆ ನೋವು ಇಂದಿಗೂ ಸಂಭವಿಸುತ್ತಿದ್ದರೆ ಹೊಣೆಗಾರರು ನಾವೇ.

ಅರಿವಳಿಕೆಯೆಂದರೆ ಕರುಣೆಯ ಮಾತಷ್ಟೇ ಎಂದುಕೊಂಡವರು ಅದರ ಅರ್ಧವನ್ನು ಮಾತ್ರ ಕಂಡವರು. ಮೃಗದ ಹಲ್ಲು ಮಾಡಿದ ಗಾಯವು ಮೇಲೆ ಸಣ್ಣ ತೂತಿನಂತೆ ಕಂಡರೂ ಒಳಗೆ ಆಳವಾಗಿ, ಅಗಲವಾಗಿ, ಬಾಯಿಯ ಜೊಲ್ಲನ್ನೂ ಮಣ್ಣನ್ನೂ ಬಟ್ಟೆಯ ಚೂರನ್ನೂ ಹೊತ್ತುಕೊಂಡು ಹೋಗಿರುತ್ತದೆ. ಅಂಥ ಗಾಯವನ್ನು ಬಾಯಿಬಿಡಿಸಿ, ಮೂಲೆಮೂಲೆಗೆ ನೀರು ಹಾಯಿಸಿ ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆಯದಿದ್ದರೆ, ಮೇಲೆ ಹಾಕಿದ ಹೊಲಿಗೆ ಎಷ್ಟೇ ಅಂದವಾಗಿದ್ದರೂ ಒಳಗಿನ ಕೀವನ್ನು ಮುಚ್ಚಿದ ಮುಚ್ಚಳವಾಗುವುದಲ್ಲದೆ ಬೇರೇನೂ ಆಗದು. ಧನುರ್ವಾಯುವೂ ರೇಬೀಸೂ ಕಾದಿರುವುದು ಅಂಥ ಮರೆಯ ಮೂಲೆಗಳಲ್ಲೇ. ನಾಲ್ವರು ಹಿಡಿದಿದ್ದರೂ ಕೊಸರಾಡುತ್ತಿರುವ ರೋಗಿಯ ಗಾಯದ ತಳವನ್ನು ಮುಟ್ಟಿ ತೊಳೆಯುವುದು ಯಾವ ನಿಪುಣ ಶಸ್ತ್ರವೈದ್ಯರಿಂದಲೂ ಸಾಧ್ಯವಿಲ್ಲ. ರೋಗಿಯ ಕೂಗು ಅವರ ಕೈಯನ್ನು ಅರ್ಧದಾರಿಯಲ್ಲೇ ಹಿಂದಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಹೀಗೆ ನೋಡಿದರೆ ಅರಿವಳಿಕೆಯು ಶಸ್ತ್ರಚಿಕಿತ್ಸೆಗೆ ಸೇರಿಸಿದ ಸೌಕರ್ಯವಾಗದೆ, ಶುದ್ಧಿಯ ಮೊದಲ ಅಂಗವೇ ಆಗುತ್ತದೆ.

ಇನ್ನು ಕರಡಿಯ ಗಾಯದ ವಿಷಯದಲ್ಲಿ ಅರಿವಳಿಕೆಯು ಎಷ್ಟು ದುಸ್ತರವಾದ ಕಾರ್ಯವೆಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ಸಾಮಾನ್ಯವಾದ ಆಪರೇಷನ್ನಿನಲ್ಲಿ ರೋಗಿಗೆ ಮತ್ತು ಬಂದೊಡನೆ ವೈದ್ಯರು ಮುಖಕ್ಕೆ ಮಾಸ್ಕ್ ಒತ್ತಿಹಿಡಿದು ಆಮ್ಲಜನಕವನ್ನು ಊದುತ್ತಾರೆ, ಬಳಿಕ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆಯನ್ನು ಇಳಿಸುತ್ತಾರೆ. ಮೂಗೂ ಕೆನ್ನೆಯೂ ಇಲ್ಲದ ಮುಖದ ಮೇಲೆ ಮಾಸ್ಕ್ ಕೂರುವುದೆಲ್ಲಿ? ಬಾಯಿಯ ತುಂಬ ರಕ್ತ, ಮುರಿದ ಹಲ್ಲು, ಜೋತುಬಿದ್ದ ನಾಲಗೆ ಇರುವಾಗ ಶ್ವಾಸದ್ವಾರವು ಕಣ್ಣಿಗೆ ಬೀಳುವುದೆಂತು? ಮೂಗಿನ ಮೂಲಕ ನಳಿಕೆ ತೂರಿಸೋಣವೆಂದರೆ, ತಲೆಬುರುಡೆಯ ತಳವೇ ಬಿರುಕುಬಿಟ್ಟಿದ್ದ ಪಕ್ಷದಲ್ಲಿ ಅದು ಮಿದುಳಿನತ್ತ ಹೋದೀತೆಂಬ ಭಯ. ಕತ್ತನ್ನು ಹಿಂದಕ್ಕೆ ಬಾಗಿಸೋಣವೆಂದರೆ, ಕರಡಿ ಕೆಡವಿದ ರಭಸಕ್ಕೆ ಕತ್ತಿನ ಮೂಳೆಗೆ ಏಟಾಗಿಲ್ಲವೆಂಬ ಖಾತರಿಯಿಲ್ಲ. ಕಣ್ಣುಗುಡ್ಡೆ ಸೀಳಿದ್ದರೆ ಒಂದು ಕೆಮ್ಮು ಸಾಕು, ಒಳಗಿರುವುದು ಹೊರಗೆ ಬರಲು. ಇಷ್ಟರ ಜೊತೆಗೆ, ಭೀತಿಯೂ ನೋವೂ ಸೇರಿ ಜಠರದ ಕೆಲಸವನ್ನು ನಿಲ್ಲಿಸಿಬಿಡುವುದರಿಂದ, ರೋಗಿ ಉಂಡು ಎಂಟು ಗಂಟೆಯಾಗಿದ್ದರೂ ಅನ್ನ ಹೊಟ್ಟೆಯಲ್ಲೇ ಉಳಿದಿರಬಹುದು. ಪ್ರಜ್ಞೆ ತಪ್ಪಿದ ಕ್ಷಣ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ, ಕರಡಿ ಉಳಿಸಿದ ಪ್ರಾಣವನ್ನು ಚಿಕಿತ್ಸೆಯೇ ಕಳೆದಂತೆ.

ಬಲ್ಲ ತಜ್ಞರು ಇಂಥ ರೋಗಿಯನ್ನು ಮೊದಲು ಮಲಗಿಸಲೇ ಹೋಗುವುದಿಲ್ಲ. ಮುಂದಕ್ಕೆ ಬಾಗಿ ಕುಳಿತು, ರಕ್ತ ಬಾಯಿಯಿಂದ ಹೊರಗೆ ಹರಿದುಹೋಗುವಂತೆ ತಲೆ ತಗ್ಗಿಸಿ ಉಸಿರಾಡುತ್ತಿರುವವನನ್ನು ಬಲವಂತದಿಂದ ಅಂಗಾತ ಮಲಗಿಸಿದರೆ ಅದೇ ರಕ್ತ ಗಂಟಲಿಗೆ ತಿರುಗಿ ಉಸಿರು ಕಟ್ಟೀತೆಂಬುದನ್ನು ಅವರು ಬಲ್ಲರು. ಇದನ್ನು ಆಂಬುಲೆನ್ಸಿನ ಸಿಬ್ಬಂದಿಯಿಂದ ಮೊದಲ್ಗೊಂಡು ಊರಿನ ಸ್ವಯಂಸೇವಕರವರೆಗೆ ಎಲ್ಲರಿಗೂ ಕಲಿಸುವುದಕ್ಕೆ ಯಾವ ಉಪಕರಣವೂ ಬೇಕಾಗಿಲ್ಲ. ನಳಿಕೆ ಇಳಿಸುವುದು ಅಸಾಧ್ಯವೆನಿಸಿದಾಗ, ರೋಗಿ ಎಚ್ಚರವಾಗಿರುವಂತೆಯೇ ಕತ್ತಿನ ಮುಂಭಾಗವನ್ನಷ್ಟೇ ಲಿಗ್ನೊಕೇನಿನಿಂದ ಮರಗಟ್ಟಿಸಿ ಅಲ್ಲಿ ಶ್ವಾಸಕ್ಕೆ ದಾರಿ ಮಾಡುತ್ತಾರೆ. ಅದಾದ ಮೇಲೆ ನಿದ್ದೆ. ಆ ನಿದ್ದೆಯ ಔಷಧದ ಪ್ರಮಾಣವನ್ನೂ ತಗ್ಗಿಸಬೇಕು, ಏಕೆಂದರೆ ಆರೋಗ್ಯವಂತನಿಗೆ ಹಿತವಾದ ಪ್ರಮಾಣವು ರಕ್ತ ಕಳೆದುಕೊಂಡವನ ಹೃದಯವನ್ನೇ ನಿಲ್ಲಿಸಬಲ್ಲದು. ಈ ವಿವೇಕವೆಲ್ಲ ಪುಸ್ತಕದ ಒಂದು ಪುಟದಲ್ಲಿ ಅಡಗೀತು. ಅದನ್ನು ಬೆಳಗಿನ ಜಾವ ಐದು ಗಂಟೆಗೆ ಕಾರ್ಯಗತ ಮಾಡಬಲ್ಲ ಕೈಗಳಾದರೋ ವರ್ಷಗಳ ಅಭ್ಯಾಸದಿಂದ ಬರತಕ್ಕವು. ಮುಖವನ್ನು ಮರಳಿ ರೂಪಿಸಲು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದರಿಂದ, ಆ ಕೈಗಳ ಅಗತ್ಯ ಒಂದೇ ದಿನಕ್ಕೆ ಮುಗಿಯುವುದೂ ಇಲ್ಲ.

ಕಾಡುಹಂದಿಯ ಕೋರೆ, ಗೂಳಿಯ ಕೊಂಬು ತೊಡೆಯನ್ನೋ ಕಿಬ್ಬೊಟ್ಟೆಯನ್ನೋ ಸೀಳುವಾಗ ತೊಡಕು ಇನ್ನೊಂದು ಬಗೆಯದು. ಸೊಂಟದ ಕೆಳಗಿನ ಗಾಯವಾದ್ದರಿಂದ ಬೆನ್ನಿಗೊಂದು ಇಂಜೆಕ್ಷನ್ ಕೊಟ್ಟರಾಯಿತೆಂದು ತೋರುವುದು ಸಹಜ. ಆದರೆ ಬೆನ್ನಿನ ಅರಿವಳಿಕೆಯು ಕೆಳಗಿನ ರಕ್ತನಾಳಗಳನ್ನೆಲ್ಲ ಸಡಿಲಿಸುವುದರಿಂದ, ಆಗಲೇ ರಕ್ತ ಸೋರಿಹೋದ ದೇಹದಲ್ಲಿ ರಕ್ತದೊತ್ತಡ ಒಮ್ಮೆಗೇ ಕುಸಿಯಬಹುದು.

ಕಾಡಿನ ಮಾತು ಹೀಗಾದರೆ, ಊರಿನ ನಾಯಿಯದು ಸಂಖ್ಯೆಯಲ್ಲಿ ಇದೆಲ್ಲವನ್ನೂ ಮೀರಿಸಿದ ಕಥೆ. ಎರಡು ಮೂರು ವರ್ಷದ ಮಗುವಿನ ಮುಖವೂ ಬೀದಿನಾಯಿಯ ಬಾಯಿಯೂ ಸರಿಸುಮಾರು ಒಂದೇ ಎತ್ತರದಲ್ಲಿರುವುದರಿಂದ, ಮಕ್ಕಳಿಗೆ ಕಡಿತವಾಗುವುದು ಕೆನ್ನೆ, ತುಟಿ, ಕಣ್ಣಿನ ಸುತ್ತ. ಚರ್ಮ ಹರಿದು ರಕ್ತ ಬಂದ ಕಡಿತಕ್ಕೆ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆಯುವುದು, ಲಸಿಕೆ ಹಾಕುವುದು, ಇವೆರಡರ ಜೊತೆಗೆ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ನನ್ನು ಗಾಯದ ಒಳಗೂ ಸುತ್ತಲೂ ಸೂಜಿಯಿಂದ ಚುಚ್ಚಿ ತುಂಬುವುದು ಅತ್ಯವಶ್ಯ. ಮಾನವ ರಕ್ತದಿಂದ ತಯಾರಿಸಿದ್ದಾದರೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 20 ಯೂನಿಟ್, ಕುದುರೆಯದಾದರೆ 40. ಗಾಯಗಳು ಹೆಚ್ಚಿದ್ದರೆ ಲವಣಜಲ ಬೆರೆಸಿ ಎಲ್ಲ ಗಾಯಕ್ಕೂ ಮುಟ್ಟಿಸಬೇಕು. ರೇಬೀಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಮರಣ ಹೆಚ್ಚುಕಡಿಮೆ ನಿಶ್ಚಿತವಾದುದರಿಂದ ಇಲ್ಲಿ ಯಾವ ಗಾಯವನ್ನೂ ಬಿಡುವಂತಿಲ್ಲ. ಈಗ ಆ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಬೇಕು: ಆಗತಾನೇ ನಾಯಿಯಿಂದ ಬಿಡಿಸಿಕೊಂಡು ಬಂದ ಮಗುವನ್ನು ತಂದೆತಾಯಿಗಳೇ ಕೈಕಾಲು ಹಿಡಿದು ಅಮುಕುತ್ತಾರೆ, ಅದರ ತುಟಿಯ ಗಾಯದೊಳಕ್ಕೆ ಸೂಜಿ ಹತ್ತು ಸಲ ಇಳಿಯುತ್ತದೆ. ಮಗು ತಲೆ ಹೊರಳಿಸಿದರೆ ಸೂಜಿ ಕಣ್ಣಿಗೆ ತಗುಲೀತೆಂದು ಹೆದರಿದ ವೈದ್ಯರು ಅರ್ಧವನ್ನು ಗಾಯಕ್ಕೆ ಕೊಟ್ಟು ಉಳಿದರ್ಧವನ್ನು ತೊಡೆಗೆ ಚುಚ್ಚಿದರೆ, ಆ ಉಳಿದರ್ಧದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂಬುದು ಇಂದು ಒಪ್ಪಿತವಾದ ಅಭಿಪ್ರಾಯ. ಕಣ್ಣಿನ ಕೆಳಗೆ ಎಲುಬಿನಿಂದ ಹೊರಬರುವ ನರದ ಬುಡಕ್ಕೆ ಒಂದೆರಡು ಮಿಲಿಲೀಟರ್ ಲಿಗ್ನೊಕೇನ್ ಕೊಟ್ಟರೆ ಮೇಲ್ದುಟಿಯೂ ಮೂಗಿನ ಪಕ್ಕವೂ ಮರಗಟ್ಟುತ್ತವೆ. ಗಾಯವು ದೊಡ್ಡದಾದರೆ ಅಲ್ಪಕಾಲದ ಪೂರ್ಣ ಅರಿವಳಿಕೆಯೇ ಯುಕ್ತ. ಇಲ್ಲಿ ಅರಿವಳಿಕೆಯ ಅಭಾವವು ನೇರವಾಗಿ ಸಾವಿಗೆ ದಾರಿಯಾಗಬಲ್ಲದೆಂಬುದನ್ನು ಆರೋಗ್ಯ ಇಲಾಖೆಯು ಇನ್ನಾದರೂ ಮನಗಾಣಬೇಕು.

ಈ ವಿದ್ಯೆ ನಮಗೆ ಹೊಸತೆಂದು ಹೇಳುವಂತಿಲ್ಲ. ತೀಕ್ಷ್ಣ ವೇದನೆಯನ್ನು ತಡೆಯಲಾರದವನಿಗೆ ಶಸ್ತ್ರಕ್ರಿಯೆಗೆ ಮುನ್ನ ಮದ್ಯ ಕುಡಿಸಬೇಕೆಂದು ಸುಶ್ರುತನೇ ವಿಧಿಸಿದ್ದಾನೆ. ಇಂದು ಕರಡಿಯ ಸುದ್ದಿಗೆ ಹೆಸರಾದ ಕೊಪ್ಪಳದ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಅದೇ ರಾಜ್ಯದ ರಾಜಧಾನಿಯಲ್ಲಿ ಕ್ಲೋರೋಫಾರ್ಮ್ ಮನುಷ್ಯನನ್ನು ಕೊಲ್ಲುವುದು ಹೇಗೆಂಬುದನ್ನು ನಿರ್ಣಯಿಸಲು ಅಲ್ಲಿನ ವೈದ್ಯ ಎಡ್ವರ್ಡ್ ಲಾರಿಯವರು 1888ರಲ್ಲಿ ಹಾಗೂ ಮರುವರ್ಷ ಎರಡು ಆಯೋಗಗಳನ್ನು ನಡೆಸಿದರು. ನಿಜಾಮರು ಹಣ ಕೊಟ್ಟರು. ನೂರಾರು ನಾಯಿಗಳೂ ಇತರ ಪ್ರಾಣಿಗಳೂ ಆ ಪರೀಕ್ಷೆಗಳಲ್ಲಿ ಪ್ರಾಣ ತೆತ್ತವು. ನಾಡಿಗಿಂತ ಉಸಿರಾಟವನ್ನೇ ನೋಡುತ್ತಿರಬೇಕೆಂಬ ಅವರ ತೀರ್ಮಾನವು ಪೂರ್ಣ ಸತ್ಯವಲ್ಲವೆಂಬುದು, ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಬಲ್ಲದೆಂದು ಲೇವಿ ಎಂಬ ವೈದ್ಯರು ತೋರಿಸಿದ ಮೇಲೆ 1911ರ ಸುಮಾರಿಗೆ ಸ್ಪಷ್ಟವಾಯಿತು. ಆದರೂ ಉಸಿರಿನ ಮೇಲೆ ಕಣ್ಣಿಡುವ ಅಭ್ಯಾಸ ಅದರಿಂದ ದೃಢವಾಯಿತು. ಅದೇ ಊರಿನಲ್ಲಿ ಕಲಿತು ಕ್ಲೋರೋಫಾರ್ಮ್ ಕೊಡುತ್ತಿದ್ದ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊತ್ತಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಇಂದು ಗೌರವಿಸುತ್ತಾರೆ. ನೂರಮೂವತ್ತು ವರ್ಷಗಳ ಹಿಂದೆ ಇಷ್ಟನ್ನು ಸಾಧಿಸಿದ ನಾಡಿನ ತಾಲ್ಲೂಕುಗಳಲ್ಲಿ ಇಂದು ಅರಿವಳಿಕೆ ತಜ್ಞರ ಹುದ್ದೆ ಬರಿದಾಗಿರುವುದನ್ನು ಸಹಜವೆಂದು ಒಪ್ಪಿಕೊಳ್ಳಲು ನನ್ನಿಂದಾಗದು.

ಇಲ್ಲಿ ಕೆಟಮಿನ್ ಎಂಬ ಔಷಧದ ಮಾತು ಬರಬೇಕು. 1962ರಲ್ಲಿ ಅಮೆರಿಕದ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ, 1970ರಲ್ಲಿ ಮನುಷ್ಯರ ಬಳಕೆಗೆ ಅಲ್ಲಿ ಅನುಮತಿ ಪಡೆದ ಈ ಔಷಧದ ಗುಣವೇನೆಂದರೆ, ನೋವನ್ನೂ ಪ್ರಜ್ಞೆಯನ್ನೂ ಕಳೆದರೂ ಸಾಮಾನ್ಯವಾಗಿ ಉಸಿರಾಟವನ್ನು ನಿಲ್ಲಿಸುವುದಿಲ್ಲ, ರಕ್ತದೊತ್ತಡವನ್ನು ಕುಸಿಯಗೊಡುವುದಿಲ್ಲ. ಸೂಜಿಗೆ ರಕ್ತನಾಳ ಸಿಗದಿದ್ದರೆ ಮಾಂಸಖಂಡಕ್ಕೂ ಕೊಡಬಹುದು. ಬೆಲೆ ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಅದಕ್ಕೆ ಬಹುಕಾಲದಿಂದ ಸ್ಥಾನವಿದೆ. ಅಮಲಿಗಾಗಿ ದುರುಪಯೋಗವಾಗುತ್ತಿದೆಯೆಂದು 2013ರಲ್ಲಿ ಭಾರತ ಸರ್ಕಾರ ಅದನ್ನು ಕಟ್ಟುನಿಟ್ಟಿನ ‘ಎಕ್ಸ್’ ಅನುಸೂಚಿಗೆ ಸೇರಿಸಿತು. ಬೀಗ, ಪುಸ್ತಕ, ಲೆಕ್ಕ ಬೇಕಾದದ್ದೇ. ಆದರೆ ಆ ಲೆಕ್ಕದ ಭಯದಿಂದ ಸಣ್ಣ ಆಸ್ಪತ್ರೆಯೊಂದು ಔಷಧವನ್ನೇ ತರಿಸದೆ ಬಿಟ್ಟರೆ ದಂಡ ತೆರುವವನು ಮುಖ ಹರಿದುಕೊಂಡು ಬಂದ ರೈತ.

ಬಾವಿಗೆ ಬಿದ್ದ ಚಿರತೆಯನ್ನೋ ಬೇಲಿಯ ಉರುಳಿಗೆ ಸಿಕ್ಕ ಕರಡಿಯನ್ನೋ ಬಿಡಿಸಲು ಅರಣ್ಯ ಇಲಾಖೆಯ ಪಶುವೈದ್ಯರು ಬಳಸುವುದೂ ಇದೇ ಕೆಟಮಿನ್ನನ್ನು, ಕ್ಸೈಲಜಿನ್ ಎಂಬ ಮತ್ತೊಂದು ಔಷಧದ ಜೊತೆಗೆ. ಮೃಗದ ತೂಕವನ್ನು ಅಂದಾಜಿಸಿ, ಪ್ರಮಾಣವನ್ನು ಲೆಕ್ಕಹಾಕಿ, ಬಂದೂಕಿನಿಂದ ಸೂಜಿ ಹಾರಿಸಿ, ಅದು ಮಲಗಿದ ಮೇಲೆ ಕಣ್ಣಿಗೆ ಬಟ್ಟೆ ಮುಚ್ಚಿ, ಉಸಿರನ್ನೂ ಮೈಯ ತಾಪವನ್ನೂ ನೋಡುತ್ತ ಅವರು ಮಾಡುವ ಕೆಲಸ ನಿಜವಾಗಿ ಶ್ಲಾಘನೀಯ. ಆ ಔಷಧವೂ ಆ ಎಚ್ಚರಿಕೆಯೂ ಮೃಗದ ಪಾಲಿಗೆ ಕಾಡಿನ ಅಂಚಿನವರೆಗೆ ಹೋಗಿ ಮುಟ್ಟಬಲ್ಲವೆಂದಾದರೆ, ಅದೇ ಮೃಗದಿಂದ ಗಾಯಗೊಂಡವನ ಪಾಲಿಗೆ ಅದೇ ತಾಲ್ಲೂಕಿನ ಆಸ್ಪತ್ರೆಯಲ್ಲಿ ಅವು ದೊರಕಲೇಬೇಕು.

ತಜ್ಞರೇ ಇಲ್ಲದಿರುವಾಗ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಹಳ್ಳಿಗಾಡಿನ ಹೆರಿಗೆಯ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಾಗ ನಮ್ಮ ದೇಶ ಒಂದು ಉತ್ತರವನ್ನು ಕಂಡುಕೊಂಡಿತು: ಎಂ.ಬಿ.ಬಿ.ಎಸ್. ಆದ ಸರ್ಕಾರಿ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಟ್ಟು, ತುರ್ತು ಸಿಸೇರಿಯನ್‌ಗೆ ಬೇಕಾದ ಅರಿವಳಿಕೆಯನ್ನು ಅವರಿಂದ ಕೊಡಿಸುವುದು. ಆ ತರಬೇತಿಗೆ ಮೃಗದಾಳಿಯ ಗಾಯದ ಪಾಠಗಳನ್ನು ಸೇರಿಸಿ, ಕಾಡಂಚಿನ ತಾಲ್ಲೂಕುಗಳಿಗೆ ಆದ್ಯತೆ ಕೊಡಬೇಕೆಂಬುದು ನನ್ನ ಮೊದಲ ಸೂಚನೆ. ಅರೆ ತರಬೇತಿಯವರ ಕೈಗೆ ಅರಿವಳಿಕೆಯನ್ನು ಕೊಡುವುದು ಅಪಾಯವೆಂಬ ತಜ್ಞರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವವನಲ್ಲ. ಕೆಟಮಿನ್ ಕೊಟ್ಟಾಗಲೂ ಬಾಯಲ್ಲಿ ಜೊಲ್ಲು ತುಂಬುವುದು, ಗಂಟಲು ಬಿಗಿದು ಉಸಿರು ನಿಲ್ಲುವುದು, ಎಚ್ಚರವಾಗುವಾಗ ಭಯಂಕರ ದೃಶ್ಯಗಳು ಕಾಣುವುದು ಉಂಟು. ಆದಕಾರಣ ಆಮ್ಲಜನಕ, ಜೊಲ್ಲು ಹೀರುವ ಯಂತ್ರ, ಉಸಿರು ಊದುವ ಚೀಲ, ಬೆರಳಿಗೆ ಹಾಕುವ ಆಕ್ಸಿಮೀಟರ್, ಇವುಗಳ ಜೊತೆಗೆ ಹೊಲಿಗೆ ಹಾಕುವವರನ್ನು ಬಿಟ್ಟು ರೋಗಿಯ ಉಸಿರನ್ನೇ ನೋಡುತ್ತ ನಿಲ್ಲುವ ಇನ್ನೊಬ್ಬರು, ಇಷ್ಟಿಲ್ಲದೆ ಯಾರೂ ಕೈಹಾಕಬಾರದು. ಮುಖವೇ ಒಡೆದ ರೋಗಿಯ ವಿಷಯದಲ್ಲಿ ಹೀಗೆ ತರಬೇತಿ ಪಡೆದ ವೈದ್ಯರ ಕರ್ತವ್ಯವು ನೋವನ್ನು ತಗ್ಗಿಸಿ, ರಕ್ತ ನಿಲ್ಲಿಸಿ, ಉಸಿರಿನ ದಾರಿಯನ್ನು ಕಾಯ್ದುಕೊಂಡು, ಜಿಲ್ಲಾಸ್ಪತ್ರೆಯ ತಜ್ಞರಿಗೆ ಮೊದಲೇ ತಿಳಿಸಿ, ಜೊತೆಯಲ್ಲೇ ಹೋಗಿ ಒಪ್ಪಿಸುವುದು.

ಇನ್ನೊಂದು ಸೂಚನೆಗೆ ದೂರದ ಸ್ಪೇನ್ ದೇಶದ ಅನುಭವ ಆಧಾರ. 1984ರ ಸೆಪ್ಟೆಂಬರ್ 26ರಂದು ಪೊಸೊಬ್ಲಾಂಕೊ ಎಂಬ ಊರಿನ ಗೂಳಿಕಾಳಗದಲ್ಲಿ ಪಾಕಿರ್ರಿ ಎಂದು ಪ್ರಸಿದ್ಧನಾಗಿದ್ದ ವೀರನ ತೊಡೆಗೆ ಕೊಂಬು ತಿವಿಯಿತು. ಗಾಯವು ಒಳಗೆ ಎರಡು ದಿಕ್ಕಿಗೆ ಹೋಗಿದೆಯೆಂದು ಅವನೇ ವೈದ್ಯರಿಗೆ ಶಾಂತನಾಗಿ ವಿವರಿಸಿದ್ದು ಚಿತ್ರದಲ್ಲಿ ದಾಖಲಾಗಿದೆ. ಅಲ್ಲಿನ ಸಣ್ಣ ಚಿಕಿತ್ಸಾಲಯದಿಂದ ಕೊರ್ದೊಬ ನಗರಕ್ಕೆ ಸಾಗಿಸುವ ದಾರಿಯಲ್ಲಿ ಅವನು ಪ್ರಾಣ ಬಿಟ್ಟನು. ಗೂಳಿಕಾಳಗವನ್ನು ನಾನು ಸಮರ್ಥಿಸುವವನಲ್ಲ. ಆದರೆ 1997ರಲ್ಲಿ ಆ ದೇಶ ಹೊರಡಿಸಿದ ರಾಜಾಜ್ಞೆಯು ಇಂಥ ಕಣಗಳಲ್ಲಿ ಶಸ್ತ್ರವೈದ್ಯರ ಜೊತೆಗೆ ಅರಿವಳಿಕೆ ತಜ್ಞರೂ ಹಾಜರಿರಬೇಕೆಂದು ವಿಧಿಸಿದುದು ಅನುಕರಣೀಯ. ನಮ್ಮಲ್ಲಿ ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಊರೂರುಗಳಲ್ಲಿ ದೀಪಾವಳಿಯ ಬಳಿಕ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿಯ ಹಾರ ತೊಟ್ಟು ಓಡಿಬರುವ ಹೋರಿಗಳ ಕೊಂಬಿಗೆ ಸಿಲುಕುವವರಲ್ಲಿ ಹಾರ ಹರಿಯಲು ಹೋದ ಯುವಕರಷ್ಟೇ ಇರದೆ ದಾರಿಬದಿಯಲ್ಲಿ ನಿಂತ ಮುದುಕರೂ ಮಕ್ಕಳೂ ಇರುತ್ತಾರೆ. ಇಂಥ ಕ್ರೀಡೆಗಳಿಗೆ ಅವಕಾಶ ಕೊಡುವ ರಾಜ್ಯಗಳ ಕಾನೂನುಗಳನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟು ಎತ್ತಿಹಿಡಿದುದರಿಂದ ಈ ಹಬ್ಬಗಳು ಇನ್ನು ಮುಂದೆಯೂ ನಡೆಯತಕ್ಕವು. ಹಬ್ಬ ನಡೆಯುವ ದಿನ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರೂ ಅರಿವಳಿಕೆ ವೈದ್ಯರೂ ರಕ್ತವೂ ಸಿದ್ಧವಾಗಿರುವುದು ದೃಢಪಟ್ಟ ಹೊರತು ಅನುಮತಿ ಕೊಡಬಾರದು. ಇದಕ್ಕೆ ವಿಧಾನಸಭೆಯವರೆಗೆ ಹೋಗುವ ಅವಶ್ಯಕತೆಯೂ ಕಾಣದು. ಅನುಮತಿಪತ್ರದಲ್ಲಿ ಜಿಲ್ಲಾಡಳಿತವು ಒಂದು ಷರತ್ತನ್ನು ಬರೆದರೆ ಆಯಿತು, ಮುಂದಿನ ದೀಪಾವಳಿಗೆ ಮುಂಚಿತವಾಗಿಯೇ ಬರೆಯಬಹುದು.